ಅಡಿಕೆ ಕಚ್ಚದ ಗಫೂರ್ ಚಾಚಾ

ಅನುಮಾನ ನನ್ನ ಹುಟ್ಟುಗುಣ. ಹಾಲಿನವನು ಹೊಯ್ದು ಹೋದ ಮೇಲೆ ಪಾತ್ರೆಗೆ ಬೆರಳು ಅದ್ದಿ ನೋಡುತ್ತೇನೆ. ಕಂಡಕ್ಟರ್ ಕೊಟ್ಟ ಟಿಕೆಟ್ಟನ್ನು ಎರಡು ಸಲ ಓದುತ್ತೇನೆ. ದೇವರು ಎದುರಿಗೆ ಬಂದು ನಿಂತರೂ ಪ್ರತಿಭಾ ಆಧಾರ್ ಕಾರ್ಡು ಕೇಳುತ್ತಾಳೆ ಎಂದು ಅಪ್ಪ ನಗುತ್ತಿದ್ದ. ನಗುತ್ತಲೇ ತನ್ನ ವಖಾರಿಯನ್ನು ನನ್ನ ಹೆಸರಿಗೆ ಬರೆದಿಟ್ಟು ಹೋದ. ನಾವು ದಾಸನಕೊಪ್ಪದ ಕಡೆಯವರು, ಆದರೆ ವಖಾರಿ ಇರುವುದು ಶಿರಸಿಯಲ್ಲಿ. ತೋಟದವರು ತಂದ ಅಡಿಕೆಯನ್ನು ಕೊಂಡು, ಆರಿಸಿ, ಚೀಲ ತುಂಬಿ ಗುಜರಾತಿಗೆ ಕಳಿಸುತ್ತೇವೆ. ನಾಲ್ಕು ವರ್ಷದಿಂದ ಅದನ್ನು ನಾನೇ ನಡೆಸುತ್ತಿದ್ದೇನೆ.

ತಕ್ಕಡಿ, ಚೀಲ, ಆರಿಸುವ ಹೆಂಗಸರು, ಲಾರಿಯವರು, ಎಲ್ಲರ ಮೇಲೂ ಕಣ್ಣಿಟ್ಟಿದ್ದೆ. ಒಂದು ಕಡೆ ಮಾತ್ರ ನನ್ನ ಕಣ್ಣು ನಡೆಯುತ್ತಿರಲಿಲ್ಲ. ಅದು ಗಫೂರ್ ಚಾಚಾನ ಬಾಯಿ.

ಚಾಲಿ ಅಡಿಕೆ ಮೋಸದ ವಸ್ತು. ಬಿಸಿಲಿಗೆ ಒಣಗಿಸಿ ಸುಲಿದ ಮೇಲೆ ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತದೆ. ಒಳಗೆ ಒಂಚೂರು ಹಸಿ ಉಳಿದಿದ್ದರೂ ಚೀಲದಲ್ಲಿ ಬೂಷ್ಟು ಹಿಡಿಯುತ್ತದೆ. ಅಡಕತ್ತರಿಯಲ್ಲಿ ಕತ್ತರಿಸಿ ನೋಡಿದರೆ ಬಣ್ಣ ತಿಳಿಯುತ್ತದೆಯೇ ಹೊರತು ಹಸಿ ತಿಳಿಯುವುದಿಲ್ಲ. ಅದಕ್ಕೆ ಹಲ್ಲೇ ಬೇಕು. ಅಬ್ದುಲ್ ಗಫೂರ್ ಮೂವತ್ತೊಂದು ವರ್ಷದಿಂದ ನಮ್ಮಲ್ಲಿ ಅಡಿಕೆ ಕಚ್ಚಿ ನೋಡುವ ಕೆಲಸ ಮಾಡುತ್ತಿದ್ದರು. ಒಂದು ಹೋಳನ್ನು ಬಲಗಡೆಯ ದವಡೆಗೆ ಇಟ್ಟು, ಕಣ್ಣು ಮುಚ್ಚಿ, ಕಟಕ್ ಎನ್ನಿಸುತ್ತಿದ್ದರು. ಆಮೇಲೆ ಒಂದೇ ಮಾತು: "ಆತು" ಅಥವಾ "ಎಂಟು ದಿನ ಬಿಸಿಲು ಬೇಕು." ಹೇರೂರಿನಿಂದ ದೊಡ್ಮನೆಯವರೆಗಿನ ತೋಟದವರು ಆ ಮಾತಿಗೆ ಎದುರಾಡುತ್ತಿರಲಿಲ್ಲ. ನಾನೊಮ್ಮೆ ತೇವ ಅಳೆಯುವ ಯಂತ್ರ ತಂದೆ. ಯಂತ್ರವೂ ಚಾಚಾನೂ ಬೇರೆ ಬೇರೆ ಹೇಳಿದರು, ಗೆದ್ದದ್ದು ಚಾಚಾ. ಗಫೂರ್ ಕಚ್ಚಿದ ಮಾಲು ಎಂದರೆ ಗುಜರಾತಿನ ವ್ಯಾಪಾರಿ ಚೀಲ ಬಿಚ್ಚಿಯೂ ನೋಡುತ್ತಿರಲಿಲ್ಲ. ನನ್ನ ವಖಾರಿಯ ಹೆಸರು ಆ ಮನುಷ್ಯನ ಹಲ್ಲಿನ ಮೇಲೆ ನಿಂತಿತ್ತು. ಅವರ ಮನೆಯ ಅನ್ನವೂ ಅದರ ಮೇಲೆಯೇ ನಿಂತಿತ್ತು.

ಈ ವರ್ಷ ಅವರು ಕಚ್ಚುವುದನ್ನೇ ಬಿಟ್ಟರು.

ಮೊದಲು ನನಗೇನೂ ಅನ್ನಿಸಲಿಲ್ಲ. ರಂಜಾನ್ ತಿಂಗಳಲ್ಲಿ ಪ್ರತಿ ವರ್ಷವೂ ಹಗಲು ಹೊತ್ತು ಅವರು ಅಡಿಕೆಯನ್ನು ಬಾಯಿಗೆ ಹಾಕುತ್ತಿರಲಿಲ್ಲ. ಉಪವಾಸದಲ್ಲಿ ಉಗುಳು ನುಂಗುವುದಕ್ಕೂ ಹಿಂದೆಮುಂದೆ ನೋಡುವ ಮನುಷ್ಯ. ಆ ಒಂದು ತಿಂಗಳು ಅಡಕತ್ತರಿ, ಕೈಯ ತೂಕ, ನೆಲಕ್ಕೆ ಹಾಕಿದಾಗ ಬರುವ ಸದ್ದು, ಇಷ್ಟರಲ್ಲೇ ಕೆಲಸ ಸಾಗುತ್ತಿತ್ತು. ಅಪ್ಪನ ಕಾಲದಿಂದ ನಡೆದುಬಂದ ಪದ್ಧತಿ ಅದು.

ಹಬ್ಬ ಆಯಿತು. ಅವರ ಮನೆಯಿಂದ ಶೀರ್‌ಕುರ್ಮಾ ಪಾಯಸ ಬಂತು, ಉಂಡೆವು. ಮರುದಿನ ಅಡಿಕೆ ಹೋಳು ಕೊಟ್ಟರೆ ಚಾಚಾ ತಲೆಯಾಡಿಸಿದರು. "ಆರು ರೋಜಾ ಇಟ್ಟೀನಿ ಬೇಟಾ. ಹಬ್ಬ ಆದ ಮ್ಯಾಲೆ ಆರು ಇಡ್ತಾರ."

ಆರು ದಿನ ಕಳೆಯಿತು. ಏಳನೆಯ ದಿನ ಕೇಳಿದರೆ, "ಹೋದ ವರ್ಷ ಜ್ವರ ಬಂದಾಗ ತಪ್ಪಿದ್ದು ಒಂದಿಷ್ಟು ಅದಾವ. ಅವನ್ನೂ ಮುಗಿಸಿಬಿಡ್ತೀನಿ" ಎಂದರು. ಮಾತಾಡುವಾಗ ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದಿದ್ದರು. ಅದನ್ನು ನಾನು ಗಮನಿಸಿದೆ.

ಅಡಿಕೆ ಆರಿಸುವ ಮುಮ್ತಾಜಳನ್ನು ಪಕ್ಕಕ್ಕೆ ಕರೆದು ಕೇಳಿದೆ. "ಏನೇ, ನಿಮ್ಮಲ್ಲಿ ರೋಜಾ ಇಷ್ಟು ದಿನ ಇರ್ತದೇನು?"

ಮುಮ್ತಾಜಳಿಗೆ ಕಿವಿ ಕಚ್ಚುವುದೆಂದರೆ ಹಬ್ಬ. "ಆರು ಇಡೂದು ಖರೇ ಅಕ್ಕಾರ. ತಪ್ಪಿದ್ದನ್ನ ಇಡೂದೂ ಖರೇ. ಆದ್ರ ಚಾಚಾಗ ಹೋದ ವರ್ಷ ಜ್ವರ ಎಲ್ಲಿ ಬಂದಿತ್ತು? ನಾ ದಿನಾ ಇಲ್ಲೇ ಇದ್ನಲ್ಲ."

ಅಷ್ಟು ಸಾಕಿತ್ತು ನನಗೆ. ಅಷ್ಟರಲ್ಲಿ ಗುಜರಾತಿನಿಂದ ವಿಡಿಯೋ ಬಂತು. ನಮ್ಮ ಗುರುತಿನ ಚೀಲ, ಒಡೆದ ಅಡಿಕೆ, ಒಳಗೆ ಬೆಳ್ಳಗೆ ಬೂಷ್ಟು. ಹಿಂದೆಯೇ ಆ ವ್ಯಾಪಾರಿಯ ಫೋನು. "ಬೆಹೆನ್‌ಜೀ, ಗಫೂರ್ ಭಾಯಿ ಸತ್ತುಹೋದರೇ?" ಎಂದು ಹಿಂದಿಯಲ್ಲಿ ಕೇಳಿ ನಕ್ಕ. ನನಗೆ ಮೈಯೆಲ್ಲ ಉರಿಯಿತು. ಹನ್ನೆರಡು ಚೀಲ ವಾಪಸು ಬಂತು. ಅಪ್ಪನ ಕಾಲದಲ್ಲಿ ಒಂದೇ ಒಂದು ಚೀಲ ಬಂದದ್ದಿಲ್ಲ.

ಆ ಮಧ್ಯಾಹ್ನ ಬ್ಯಾಂಕಿಗೆ ಹೋದವಳು ಬಸ್ ಸ್ಟ್ಯಾಂಡಿನ ಹಿಂದಿನ ದಾರಿಯಲ್ಲಿ ಬಂದೆ. ಅಲ್ಲಿ ತಂಪು ಪಾನೀಯದ ಅಂಗಡಿಯ ಮೂಲೆಯಲ್ಲಿ ಗಫೂರ್ ಚಾಚಾ ಗೋಡೆಗೆ ಮುಖಮಾಡಿ ಕೂತು ಮಜ್ಜಿಗೆ ಕುಡಿಯುತ್ತಿದ್ದರು. ಗುಟುಕು ಗುಟುಕಾಗಿ, ಕಣ್ಣು ಮುಚ್ಚಿಕೊಂಡು. ಹನ್ನೆರಡೂವರೆ ಗಂಟೆ. ಉಪವಾಸದ ಹೆಸರಿನಲ್ಲಿ ಸುಳ್ಳು ಹೇಳುವ ಮನುಷ್ಯ ಅವರಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತಿದ್ದೆ. ದೇವರ ಹೆಸರಲ್ಲೇ ಸುಳ್ಳು ಹೇಳುವವರು ನನ್ನ ಅಡಿಕೆಯ ವಿಷಯದಲ್ಲಿ ಹೇಳದೆ ಇರುತ್ತಾರೆಯೇ? ಸದ್ದು ಮಾಡದೆ ವಾಪಸು ಬಂದೆ.

ಆಮೇಲೆ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತು. ಯಲ್ಲಾಪುರದ ವಿಷಯವೂ ಕೂಡಿಕೊಂಡಿತು. ಚಾಚಾ ಬಹಳ ವರ್ಷದಿಂದ ತಿಂಗಳಿಗೊಂದು ಮಂಗಳವಾರ ರಜೆ ಹಾಕಿ ಯಲ್ಲಾಪುರಕ್ಕೆ ಹೋಗುತ್ತಿದ್ದರು. ತಂಗಿಯ ಮನೆ ಎನ್ನುತ್ತಿದ್ದರು. ಅಪ್ಪ ಎಂದೂ ಕೇಳಿದವನಲ್ಲ. ಹೋದ ಡಿಸೆಂಬರಿನಲ್ಲಿ ನಮ್ಮ ಎದುರಾಳಿ ಮಧುಕೇಶ್ವರ ಯಲ್ಲಾಪುರದಲ್ಲಿ ಹೊಸ ವಖಾರಿ ತೆರೆದಾಗ ನನ್ನ ತಲೆಯಲ್ಲಿ ಹುಳು ಹೊಕ್ಕಿತು. ಎಲ್ಲರೂ ಚಹಾ ಕುಡಿಯುತ್ತಿದ್ದ ಹೊತ್ತಿನಲ್ಲಿ ಕೇಳಿಯೇಬಿಟ್ಟೆ. "ಚಾಚಾ, ತಿಂಗಳಾ ತಿಂಗಳಾ ಯಲ್ಲಾಪುರದಾಗ ನಿಮ್ಗ ಅಂಥಾದ್ದೇನು ಕೆಲಸ? ತಂಗಿ ನಂಬರ್ ಕೊಡ್ರಿ, ನಾನೂ ಒಮ್ಮೆ ಮಾತಾಡಸ್ತೀನಿ."

ಚಾಚಾ ನಂಬರು ಕೊಡಲಿಲ್ಲ. ಆದರೆ ಆಮೇಲೆ ಒಂದು ಮಂಗಳವಾರವೂ ರಜೆ ಕೇಳಲಿಲ್ಲ. ಸರಿಯಾದ ಜಾಗಕ್ಕೇ ಕೈಹಾಕಿದೆ ಎಂದು ನಾನು ಒಳಗೊಳಗೇ ಬೀಗಿದ್ದೆ.

ಈಗ ಅನ್ನಿಸಿತು: ಯಲ್ಲಾಪುರಕ್ಕೆ ಹೋಗುವುದು ನಿಂತರೇನು, ಫೋನು ಇಲ್ಲವೇ? ಹಸಿ ಮಾಲನ್ನು ನನ್ನ ವಖಾರಿಗೆ ಹೊಗಿಸಿ, ನನ್ನ ಹೆಸರು ಕೆಡಿಸಿ, ಗುಜರಾತಿನವನನ್ನು ಮಧುಕೇಶ್ವರನ ಕಡೆ ತಿರುಗಿಸುವ ಆಟ ಇದು. ಕಚ್ಚಿದರೆ ಹಸಿ ಎಂದು ಗೊತ್ತಾಗುತ್ತದೆ, ಗೊತ್ತಾದ ಮೇಲೆ ಸುಳ್ಳು ಹೇಳಬೇಕಾಗುತ್ತದೆ. ಅದಕ್ಕೇ ಕಚ್ಚುತ್ತಿಲ್ಲ. ಎಷ್ಟು ಚೆನ್ನಾಗಿ ಹೊಂದುತ್ತಿತ್ತೆಂದರೆ ನನಗೇ ನನ್ನ ಬುದ್ಧಿಯ ಬಗ್ಗೆ ಹೆಮ್ಮೆಯಾಯಿತು.

ಮರುದಿನ ಹೇರೂರಿನ ಶಶಾಂಕ ಹೆಗಡೆ ಚಾಲಿ ತಂದಿದ್ದರು. ಅಪ್ಪನ ಕಾಲದಿಂದ ನಮಗೇ ಮಾಲು ಕೊಡುವವರು, ಸಾಚಾ ಮನುಷ್ಯ. ಸಾಕ್ಷಿಗೆ ಇವರೇ ಸರಿ ಎಂದುಕೊಂಡೆ. ಚಾಚಾ ಅಡಿಕೆಯನ್ನು ಕತ್ತರಿಸಿ, ಬೆಳಕಿಗೆ ಹಿಡಿದು, "ಆಗಬಹುದು" ಎಂದರು. ನಾನು ಎದ್ದು ಹೋಗಿ ಆ ಹೋಳನ್ನು ಅವರ ಎದುರಿಗೆ ಹಿಡಿದೆ.

"ಕಚ್ಚಿ ಹೇಳ್ರಿ."

"ರೋಜಾ ಐತಿ ಬೇಟಾ."

"ನಿನ್ನೆ ಮಧ್ಯಾಹ್ನ ಬಸ್ ಸ್ಟ್ಯಾಂಡ್ ಹಿಂದ ಮಜ್ಜಿಗಿ ಕುಡಿದವರು ಯಾರು? ನಿಮ್ಮ ತಮ್ಮ ಏನು?"

ಆರಿಸುವ ಹೆಂಗಸರ ಕೈ ನಿಂತಿತು. ಮುಮ್ತಾಜ್ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನ್ನನ್ನು ಎತ್ತಿ ಆಡಿಸಿದ ಮನುಷ್ಯ ನನ್ನ ಕಣ್ಣು ತಪ್ಪಿಸಿ ನೆಲ ನೋಡಿದರು.

"ಇರ್ಲಿ ಬಿಡೆ ಪ್ರತಿಭಾ, ಎಂತ ಅವಸರ, ಆನು ನಾಳೆ ಬರ್ತೆ" ಎಂದು ಹೆಗಡೆಯವರು ಸಮಾಧಾನ ಮಾಡಲು ನೋಡಿದರು. ನಾನು ಬಿಡಲಿಲ್ಲ.

"ಒಂದು ಹೋಳು, ಒಂದು ಮಾತು. ಮೂವತ್ತೊಂದು ವರ್ಷ ಮಾಡಿದ ಕೆಲಸ. ಇವತ್ತ್ಯಾಕ ಆಗೂದಿಲ್ಲ ಹೇಳಿಬಿಡ್ರಿ. ಇಲ್ಲಾಂದ್ರ ಯಾರ ಕಡಿಯಿಂದ ಕೆಲಸ ಮಾಡಾಕತ್ತೀರಿ ಅದನ್ನ ಹೇಳ್ರಿ."

ಚಾಚಾ ಹೋಳನ್ನು ನನ್ನ ಕೈಯಿಂದ ತಗೊಂಡರು. ಬಲಗಡೆಗೆ ಇಡಲು ಹೋಗಿ, ತಡೆದು, ಎಡಗಡೆಗೆ ಇಟ್ಟುಕೊಂಡರು. ಕಣ್ಣು ಮುಚ್ಚಿ ಕಚ್ಚಿದರು. ಕಟಕ್ ಎನ್ನಲಿಲ್ಲ. ಅವರ ಗಂಟಲಿನಿಂದ ಒಂದು ಸದ್ದು ಬಂತು, ಅಷ್ಟೆ. ತುಟಿಯ ಮೂಲೆಯಿಂದ ರಕ್ತ ಇಳಿಯಿತು. ಹೋಳನ್ನು ಅಂಗೈಗೆ ಉಗುಳಿದರು, ಅದೂ ಕೆಂಪಾಗಿತ್ತು.

"ಹಸಿ ಐತಿ. ಹತ್ತು ದಿನ ಬಿಸಿಲು ಬೇಕು" ಎಂದರು.

ಆ ಹೋಳನ್ನು ಇಸಿದುಕೊಳ್ಳಲು ನಾನು ಕೈ ಚಾಚಿದೆ. ಈಗ ತಾನೇ ಆಗಬಹುದು ಎಂದವರು ಈಗ ಹಸಿ ಎಂದರೆ ಏನರ್ಥ, ಹೆಗಡೆಯವರಿಗೇ ತೋರಿಸೋಣ ಎಂದಿತ್ತು.

"ಮುಟ್ಟಬ್ಯಾಡ!" ಎಂದು ಚಾಚಾ ಕೂಗಿದರು. ಮೂವತ್ತೊಂದು ವರ್ಷದಲ್ಲಿ ಅವರು ಕೂಗಿದ್ದನ್ನು ಆ ವಖಾರಿಯ ಗೋಡೆಯೂ ಕೇಳಿರಲಿಲ್ಲ. ಹೋಳನ್ನು ಟವೆಲ್ಲಿನಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಹೊರಟೇಹೋದರು.

"ಎಂತ ಮಾಡಿದ್ಯೆ ಮಾರಾಯ್ತಿ, ಅವನ ಬಾಯಲ್ಲಿ ರಕ್ತ ಬಂತಲೆ" ಎಂದರು ಹೆಗಡೆ.

"ತಪ್ಪಿಲ್ಲಾಂದ್ರ ಓಡಿ ಯಾಕ ಹೋದ್ರು?" ಎಂದಳು ಮುಮ್ತಾಜ್. ನನಗೂ ಅದೇ ಪ್ರಶ್ನೆ ಇತ್ತು. ಸಂಜೆಯ ಹೊತ್ತಿಗೆ ಪೇಟೆಯಲ್ಲೆಲ್ಲ ಸುದ್ದಿ: ಗಫೂರ್ ಎದುರು ಪಾರ್ಟಿಗೆ ಮಾರಿಕೊಂಡಿದ್ದಾನೆ, ಪ್ರತಿಭಾ ಹಿಡಿದುಹಾಕಿದಳು. ಸುದ್ದಿಯನ್ನು ನಾನು ಹಬ್ಬಿಸಲಿಲ್ಲ. ತಡೆಯಲೂ ಇಲ್ಲ.

ಬೆಳಿಗ್ಗೆ ಅವರ ಮನೆಗೆ ಹೋದೆ. ಮಗಳು ಅರ್ಷಿಯಾ ಬಾಗಿಲು ತೆರೆದಳು. ಹೆಂಡತಿ ತೀರಿಕೊಂಡ ಮೇಲೆ ಅಪ್ಪ ಮಗಳು ಇಬ್ಬರೇ ಇರುವ ಮನೆ. ಅವಳು ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಯವಳು, ಹೊರಡುವ ಅವಸರದಲ್ಲಿದ್ದಳು.

"ಅಬ್ಬಾ ದವಾಖಾನಿಗೆ ಹೋಗ್ಯಾರ ಅಕ್ಕಾ. ನಿನ್ನೆಯಿಂದ ಒಸಡಿನ ರಕ್ತ ನಿಂತಿಲ್ಲ."

"ಯಾವ ದವಾಖಾನಿ?"

"ಯಲ್ಲಾಪುರದ ಸರ್ಕಾರಿ ದವಾಖಾನಿ. ಶಿರಸ್ಯಾಗ ಇಷ್ಟು ಹಲ್ಲಿನ ಡಾಕ್ಟರು ಇರೂವಾಗ ಅಷ್ಟು ದೂರ ಯಾಕ ಅಂತ ಕೇಳಿದೆ. ಹೇಳಲಿಲ್ಲ." ಅವಳ ಕಣ್ಣು ಬಾತಿತ್ತು. "ಎರಡು ತಿಂಗಳಾತು, ಗಂಜಿ ಬಿಟ್ರ ಏನೂ ತಿನ್ನಾಂಗಿಲ್ಲ. ಖಾರ ನಾಲಿಗಿಗೆ ತಾಗಿದ್ರ ಕಣ್ಣಾಗ ನೀರು ಬರ್ತಾವ. ಅಡಿಕಿ ಕಚ್ಚಿ ಕಚ್ಚಿ ಹಿಂಗಾಗೇತಿ ಅಂತಾರ."

ಅವಳ ಮಾತನ್ನು ನಾನು ಅರ್ಧ ನಂಬಿದೆ. ಯಲ್ಲಾಪುರ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ಉಳಿದರ್ಧ ನಂಬುವುದು ನನ್ನಿಂದ ಆಗಲಿಲ್ಲ. ಮಗಳಿಗೂ ಸುಳ್ಳು ಹೇಳಿ ಮಧುಕೇಶ್ವರನ ಹತ್ತಿರ ಹೋಗಿದ್ದಾರೆ ಎಂದುಕೊಂಡೆ. ಕಾರು ತೆಗೆದು ಹೊರಟೆ. ಮೊದಲು ಆಸ್ಪತ್ರೆಗೆ ಹೋಗಿ ಅಲ್ಲಿ ಚಾಚಾ ಇಲ್ಲ ಎಂಬುದನ್ನು ಖಾತ್ರಿ ಮಾಡಿಕೊಂಡು, ಆಮೇಲೆ ಮಧುಕೇಶ್ವರನ ವಖಾರಿಯಲ್ಲಿ ಹಿಡಿಯುವುದು ಎಂದು ಲೆಕ್ಕ ಹಾಕಿದ್ದೆ. ಮಂಚಿಕೇರಿ ದಾಟುವವರೆಗೂ ಏನೇನು ಬಯ್ಯಬೇಕೆಂದು ಬಾಯಿಪಾಠ ಮಾಡುತ್ತಿದ್ದೆ.

ಅವರು ಆಸ್ಪತ್ರೆಯಲ್ಲೇ ಇದ್ದರು. ಹಲ್ಲಿನ ಡಾಕ್ಟರ ಕೋಣೆಯಿಂದ ಹೊರಬಂದು, ಕಾರಿಡಾರಿನ ತುದಿಯ ಇನ್ನೊಂದು ಕೋಣೆಗೆ ಹೋದರು. ನಾನು ಕಂಬದ ಮರೆಯಲ್ಲಿ ನಿಂತೆ. ಕಾಲು ಗಂಟೆಯ ಮೇಲೆ ಕೈಯಲ್ಲಿ ಒಂದು ಔಷಧದ ಚೀಲ ಹಿಡಿದು ಬಂದರು, ಜೊತೆಯಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೊರಳಿನ ಕಾರ್ಡಿನಲ್ಲಿ ಅಭಿಜ್ಞಾ, ಆಪ್ತಸಮಾಲೋಚಕಿ ಎಂದಿತ್ತು. ನಾನು ನೇರ ಎದುರಿಗೆ ಹೋಗಿ ನಿಂತೆ.

"ಏನಾಗೇತ್ರಿ ಇವರಿಗೆ?"

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅದನ್ನ ಅವರೇ ಹೇಳಬೇಕು ಮೇಡಂ. ನಾವು ಹೇಳೋ ಹಾಗಿಲ್ಲ" ಎಂದು ಒಳಗೆ ಹೋದಳು. ಇಲ್ಲೂ ಒಂದು ಗುಟ್ಟು! ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಚಾಚಾ ಬಾಯಲ್ಲಿದ್ದ ಹತ್ತಿಯನ್ನು ಕಸದ ಡಬ್ಬಿಗೆ ಹಾಕಿ ಬಂದು, ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತರು. ನನಗೂ ಕೂರಲು ಸನ್ನೆ ಮಾಡಿದರು.

"ಮಧುಕೇಶ್ವರನ ವಖಾರಿ ಹುಡುಕ್ಕೊಂಡು ಬಂದಿ, ಹೌದಿಲ್ಲ?"

"ಹೌದು" ಎಂದೆ.

"ಅವನ ವಖಾರಿ ಎಲ್ಲೈತಿ ಅಂತ ನಂಗ ಇವತ್ತಿಗೂ ಗೊತ್ತಿಲ್ಲ." ರಸ್ತೆಯ ಲಾರಿ ದಾಟುವವರೆಗೆ ಕಾದು, ತಗ್ಗಿದ ದನಿಯಲ್ಲಿ ಹೇಳಿದರು. "ನಂಗ ಎಚ್‌ಐವಿ ಐತಿ ಬೇಟಾ. ಹನ್ನೊಂದು ವರ್ಷ ಆತು. ತಂಗಿ ಮನಿ ಅಂದ್ರ ಇದ. ಇಲ್ಲಿ ನಮ್ಮವರು ಯಾರೂ ಗುರ್ತ ಹಿಡಿಯಾಂಗಿಲ್ಲಂತ ಇಲ್ಲಿ ಬರ್ತಿದ್ದೆ."

ನನ್ನ ಬಾಯಿಂದ ಮೊದಲು ಹೊರಟ ಮಾತು, "ಹ್ಯಾಂಗ ಬಂತು?"

"ಅದನ್ನ ಕೇಳಬ್ಯಾಡ."

ಕೇಳಲಿಲ್ಲ. ಆದರೆ ಆ ಪ್ರಶ್ನೆ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಇವತ್ತಿಗೂ ಇದೆ ಎಂದು ಒಪ್ಪಿಕೊಳ್ಳುತ್ತೇನೆ.

ಚಾಚಾ ಅತ್ತಿತ್ತ ನೋಡಿ, ನನ್ನ ಕಡೆ ತಿರುಗಿ ಬಾಯಿ ತೆರೆದರು. ನಾಲಿಗೆ, ಅಂಗುಳ, ಕೆನ್ನೆಯ ಒಳಗು, ಎಲ್ಲ ಕಡೆ ಮೊಸರು ಮೆತ್ತಿದಂತೆ ಬಿಳಿ. ಒಸಡು ಊದಿ ಕೆಂಪಾಗಿತ್ತು. ಬಲಗಡೆಯ ಎರಡು ದವಡೆಹಲ್ಲು ನಾಲಿಗೆ ತಾಗಿದರೆ ಅಲ್ಲಾಡುತ್ತಿದ್ದವು. ಇಷ್ಟನ್ನು ಬಾಯಲ್ಲಿಟ್ಟುಕೊಂಡು ಅವರು ದಿನಾ ಬೆಳಿಗ್ಗೆ ಒಂಬತ್ತಕ್ಕೆ ವಖಾರಿಗೆ ಬರುತ್ತಿದ್ದರು.

"ನಿಮ್ಮ ಅಡಿಕಿಗೆ ಹತ್ತಿದ ಬೂಷ್ಟು ನನ್ನ ಬಾಯಿಗೂ ಹತ್ತೇತಿ" ಎಂದು ನಗಲು ಹೋಗಿ ನೋವಿಗೆ ಮುಖ ಕಿವುಚಿದರು. "ಡಾಕ್ಟರೂ ಅದನ್ನ ಅಂದ್ರು. ಫಂಗಸ್ ಅಂತ. ಮೈಯಾಗಿನ ಶಕ್ತಿ ಇಳಿದ್ರ ಮೊದಲು ಬಾಯಾಗ ಗೊತ್ತಾಗ್ತೈತಂತ."

"ಶಿರಸ್ಯಾಗ ತೋರಸಬೇಕಿತ್ತಿಲ್ಲ?"

"ತೋರಸಿದ್ದೆ. ಒಂದು ಕ್ಲಿನಿಕ್ಕಿಗೆ ಹೋದೆ. ಫಾರ್ಮ್ ಮ್ಯಾಲೆ ಏನರ ಕಾಯಿಲಿ ಐತೇನು ಅಂತ ಇತ್ತು. ಡಾಕ್ಟರ್‌ಗೆ ಸುಳ್ಳು ಹೇಳಬಾರದಂತ ಖರೇ ಬರದೆ. ಮಶೀನು ಕೆಟ್ಟೇತಿ, ಮುಂದಿನ ವಾರ ಬರ್ರಿ ಅಂದ್ರು. ಮೂರು ವಾರ ಹೋದೆ. ಮೂರು ವಾರನೂ ಮಶೀನು ಕೆಟ್ಟಿತ್ತು. ನನ್ನ ಹಿಂದ ಬಂದವ್ರ ಹಲ್ಲು ಮಾತ್ರ ಅದ ಮಶೀನಿನ್ಯಾಗ ಕೊರದ್ರು."

"ಹನ್ನೊಂದು ವರ್ಷ ಆರಾಮ ಇದ್ರಿ, ಈಗ್ಯಾಕ ಹಿಂಗಾತು?"

"ಗುಳಗಿ ಬಿಟ್ಟಿದ್ದೆ. ನಾಕು ತಿಂಗಳು."

ನನಗೆ ಸಿಟ್ಟು ಬಂತು. ಹನ್ನೊಂದು ವರ್ಷ ನುಂಗಿದ ಗುಳಿಗೆಯನ್ನು ಯಾರಾದರೂ ಬಿಡುತ್ತಾರೆಯೇ? "ತಲಿ ಕೆಟ್ಟಿತ್ತೇನು ನಿಮ್ಗ? ಸಣ್ಣ ಹುಡುಗರೇನು ನೀವು, ಗುಳಗಿ ತಪ್ಪಸಾಕ?" ಎಂದು ದನಿ ಏರಿಸಿದೆ.

ಚಾಚಾ ಔಷಧದ ಚೀಲದ ದಾರವನ್ನು ಬೆರಳಿಗೆ ಸುತ್ತುತ್ತ ಕೂತರು. ಹೇಳುವುದೋ ಬೇಡವೋ ಎಂದು ತೂಗುತ್ತಿದ್ದರು.

"ಡಿಸೆಂಬರ್‌ದಾಗ ನೀ ಕೇಳಿದ್ಯಲ್ಲ ಬೇಟಾ. ಎಲ್ಲಾರ ಮುಂದ. ಯಲ್ಲಾಪುರದಾಗ ಏನೈತಿ ಅಂತ, ತಂಗಿ ನಂಬರ್ ಕೊಡ್ರಿ ಅಂತ. ಮತ್ತ ರಜಾ ಕೇಳಿದ್ರ ನೀ ಹಿಂದ ಬರಾಕಿ ಅಂತ ಗೊತ್ತಿತ್ತು. ಐತವಾರ ಇಲ್ಲಿ ಗುಳಗಿ ಕೊಡೂ ಖೋಲಿ ಮುಚ್ಚಿರ್ತೈತಿ. ಒಂದು ತಿಂಗಳು ಬಿಟ್ಟು ನೋಡೋಣಂದೆ, ಏನೂ ಆಗಲಿಲ್ಲ. ಎರಡನೇ ತಿಂಗಳೂ ಆರಾಮಿದ್ದೆ. ಮೂರನೇ ತಿಂಗಳು ಬಾಯಿ ಉರಿ ಸುರು ಆತು. ರಂಜಾನ್ ಬಂತು, ಕಚ್ಚೂದು ತಪ್ತು ಅಂತ ಸಮಾಧಾನ ಮಾಡ್ಕೊಂಡೆ. ಹಬ್ಬ ಆದ ಮ್ಯಾಲೂ ರೋಜಾ ಅಂತ ಸುಳ್ಳು ಹೇಳಿದೆ. ಆ ಪಾಪ ನಂದು. ಹಸಿ ಮಾಲು ಒಳಗ ಬಂದಿದ್ದೂ ನನ್ನ ತಪ್ಪು. ಹಲ್ಲು ಬಿಟ್ಟು ಅಂದಾಜಿನ ಮ್ಯಾಲೆ ಹೇಳಿದೆ."

ಚಹಾದ ಲೋಟ ಕೈಯಲ್ಲಿ ಹಿಡಿದು, ಕಾಲ ಮೇಲೆ ಕಾಲು ಹಾಕಿಕೊಂಡು, ನಾಲ್ಕು ಜನ ನಗಲಿ ಎಂದು ನಾನು ಕೇಳಿದ ಪ್ರಶ್ನೆ ಅದು. ಆ ಪ್ರಶ್ನೆ ಈ ಮನುಷ್ಯನ ಗುಳಿಗೆ ಕಸಿದುಕೊಂಡಿತ್ತು. ಗುಳಿಗೆ ಹೋಗಿ ಬಾಯಿ ಕೆಟ್ಟಿತು, ಬಾಯಿ ಕೆಟ್ಟದ್ದನ್ನೇ ಹಿಡಿದು ನಾನು ಮತ್ತೆ ಅನುಮಾನಪಟ್ಟೆ. ನಾಚಿಕೆಯಾಯಿತು ನನಗೆ. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಇವರು ಸತ್ತೇ ಹೋಗಿದ್ದರೆ ನಾನು ಆಗಲೂ ಮಧುಕೇಶ್ವರನನ್ನೇ ದೂರುತ್ತಿದ್ದೆ.

"ಈಗ ಆರಾಮ ಆಗ್ತೈತೇನು?" ಎಂದು ಕೇಳಿದೆ.

"ಆಗ್ತೈತಿ ಅಂದ್ರು. ಗುಳಗಿ ತಪ್ಪಸಬಾರದು. ಬಾಯಿಗೆ ಬ್ಯಾರೆ ಔಷಧ ಕೊಟ್ಟಾರ. ಬಿಳಿ ಹೋದ ಮ್ಯಾಲೆ ಈ ಎರಡು ಹಲ್ಲು ತಗೀತಾರಂತ, ಇಲ್ಲೇ. ಈ ಡಾಕ್ಟರು ಬಾಳ ಚಂದ ನೋಡಿದ್ರು. ನನ್ನ ಗದ್ದ ಕೈಯಾಗ ಹಿಡಕೊಂಡು ನೋಡಿದ್ರು." ಗದ್ದ ಹಿಡಿದದ್ದನ್ನು ಅವರು ಎರಡು ಸಲ ಹೇಳಿದರು.

ಆಮೇಲೆ ಅವರೇ ವಿಷಯಕ್ಕೆ ಬಂದರು. "ನಾ ಇನ್ನ ವಖಾರಿಗೆ ಬರಾಂಗಿಲ್ಲ. ಪ್ಯಾಟ್ಯಾಗ ಏನು ಅನ್ನಾಕತ್ತಾರ ನಂಗ ಗೊತ್ತೈತಿ. ಅನ್ನಲಿ. ಗಫೂರ್ ಕಳ್ಳ ಅಂತನ ಇರಲಿ."

"ಯಾಕ ಇರಬೇಕು? ನೀವು ಕಳ್ಳರಲ್ಲ ಅಂತ ನಾಳೆ ನಾನ ಹೇಳ್ತೀನಿ."

"ಹೇಳು. ಹಂಗಾದ್ರ ಯಾಕ ಕಚ್ಚಲಿಲ್ಲ ಅಂತ ಕೇಳ್ತಾರ. ಬಾಯಿ ಕೆಟ್ಟಿತ್ತು ಅಂತಿ. ಬಾಯಿ ಯಾಕ ಕೆಡ್ತು ಅಂತಾರ. ಆಮ್ಯಾಲೆ?" ಅವರು ಔಷಧದ ಚೀಲವನ್ನು ಮಡಿಲಿಗೆ ಎಳೆದುಕೊಂಡರು. "ಕಳ್ಳ ಅಂದ್ರ ನಾಕು ದಿನ ಅಂದು ಮರೀತಾರ. ಇದನ್ನ ಮರಿಯಾಂಗಿಲ್ಲ. ನಮ್ಮ ಅರ್ಷಿಯಾ ದಿನಾ ನೂರು ಮಕ್ಕಳಿಗೆ ಅನ್ನಾ ಹಾಕ್ತಾಳ. ಅಪ್ಪಗ ಹಿಂಗಂತ ಅಂದ್ರ ಒಬ್ಬ ತಾಯಿನಾದ್ರೂ ತನ್ನ ಮಗೂಗ ಅವಳ ಕೈ ಅನ್ನಾ ಉಣ್ಣಾಕ ಬಿಡ್ತಾಳೇನು? ಆ ಹುಡುಗಿಗೆ ಇನ್ನೂ ಗೊತ್ತಿಲ್ಲ."

ಜೊತೆಗೆ ಊಟ ಮಾಡಿದರೆ, ಒಂದೇ ಲೋಟದಲ್ಲಿ ಕುಡಿದರೆ ಇದು ಅಂಟುವುದಿಲ್ಲ ಎಂದು ನಮ್ಮ ಬೆನ್ನ ಹಿಂದಿನ ಗೋಡೆಯ ಮೇಲೇ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಅದನ್ನು ಅವರಿಗೆ ತೋರಿಸಿದೆ. "ಗೋಡಿ ಓದಿ ಯಾರು ಉಣ್ತಾರ ಬೇಟಾ?" ಎಂದರು.

ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ವಾಪಸು ಹೊರಟೆ. ನಿಜ ಹೇಳಿದರೆ ಮಗಳ ಕೆಲಸ ಹೋಗುತ್ತದೆ. ಸುಮ್ಮನಿದ್ದರೆ ಇವರ ಹೆಸರು ಹೋಗುತ್ತದೆ. ಶಿರಸಿ ಬರುವ ಹೊತ್ತಿಗೆ ನನಗೆ ಮೂರನೆಯ ದಾರಿ ಹೊಳೆದಿತ್ತು. ಅದು ನನಗೆ ಚೂರೂ ಇಷ್ಟವಾಗಲಿಲ್ಲ.

ಮರುದಿನ ಬೆಳಿಗ್ಗೆ ಶಶಾಂಕ ಹೆಗಡೆ ತಮ್ಮ ಮಾಲು ವಾಪಸು ಒಯ್ಯಲು ಬಂದಿದ್ದರು. ಹೆಂಗಸರೆಲ್ಲ ಕೂತಿದ್ದರು. ಎಲ್ಲರಿಗೂ ಕೇಳುವಂತೆ ಹೇಳಿದೆ. "ವಾಪಸು ಬಂದ ಹನ್ನೆರಡು ಚೀಲ ಗಫೂರ್ ಚಾಚಾ ಬ್ಯಾಡ ಅಂದಿದ್ರು. ಹಸಿ ಐತಿ ಅಂದಿದ್ರು. ಅವರ ಮಾತು ಮೀರಿ ತಗೊಂಡಿದ್ದು ನಾನು. ನನ್ನ ಹೆಸರು ಉಳಸಾಕ ಅವರು ಬಾಯಿ ಮುಚ್ಚಿಕೊಂಡಿದ್ರು, ಅದಕ್ಕ ರೋಜಾ ಅಂತ ಹೇಳಿ ಕಚ್ಚೂದನ್ನ ಬಿಟ್ರು. ನಾನು ಅವರನ್ನ ಸಿಗಸಿ ಹಾಕಾಕ ಹೋಗಿದ್ದೆ. ತಪ್ಪು ನಂದು."

ಹುಟ್ಟಿದ ಮೇಲೆ ಹೇಳಿದ ದೊಡ್ಡ ಸುಳ್ಳು ಅದು. ಹೆಗಡೆಯವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹೌದನೆ? ನಿನ್ನಪ್ಪ ಹೀಂಗೆ ಯಾವತ್ತೂ ಮಾಡಿದ್ನಿಲ್ಲೆ" ಎಂದರು. ಅಷ್ಟೇ ಅಂದರು.

ಮುಮ್ತಾಜ್ ಅಷ್ಟಕ್ಕೆ ಬಿಡಲಿಲ್ಲ. "ಹಸಿ ಅಂತ ಗೊತ್ತಿದ್ದೂ ಯಾಕ ತಗೊಂಡ್ರಿ ಅಕ್ಕಾರ? ಯಾರ ಮಾಲು ಅದು?" ಅವಳ ಕಣ್ಣು ಸಣ್ಣಗಾಗಿ ನನ್ನ ಮುಖದ ಮೇಲೆ ನಿಂತಿತು. "ಕೆಲಸ ನೋಡ್ಕೋ" ಎಂದು ಗದರಿದೆ. ಗದರಿದ್ದರಿಂದ ಅವಳ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಅದು ಹೇಗೆ ಗಟ್ಟಿಯಾಗುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಪೇಟೆ ನನ್ನ ಕಡೆ ತಿರುಗಿತು. ದೊಡ್ಮನೆಯ ತೋಟದವರು ಈಗ ತೂಕದ ಹೊತ್ತಿಗೆ ತಮ್ಮ ಕಡೆಯವನೊಬ್ಬನನ್ನು ತಕ್ಕಡಿಯ ಪಕ್ಕ ನಿಲ್ಲಿಸುತ್ತಾರೆ. ಗುಜರಾತಿನವನು ಪ್ರತಿ ಚೀಲವನ್ನೂ ಬಿಚ್ಚಿಸಿ ವಿಡಿಯೋ ಕೇಳುತ್ತಾನೆ. ನಾನು ಯಾರಿಗೋ ಒಳಗಿಂದೊಳಗೆ ಸಹಾಯ ಮಾಡಿದೆ, ಅದರಲ್ಲೇನೋ ಇದೆ ಎಂದು ಮಾತು. ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಎದ್ದು ಹೋಗಿ ಯಾರ ಕೊರಳಪಟ್ಟಿಯಾದರೂ ಹಿಡಿಯೋಣ ಅನ್ನಿಸುತ್ತದೆ. ಸುಮ್ಮನೆ ಕೂರುತ್ತೇನೆ.

ಚಾಚಾ ಬರಲು ಒಪ್ಪಲಿಲ್ಲ. ಮೂರು ಸಲ ಹೋಗಿ ಕರೆದೆ. ತಿಂಗಳ ಮಂಗಳವಾರದ ರಜೆಯನ್ನು ಯಾರೂ ಕೇಳುವ ಹಾಗಿಲ್ಲ ಎಂದು ಆಣೆ ಮಾಡಿದೆ. ಬಾಯಿ ಗುಣವಾಗಿ, ಹಲ್ಲು ತೆಗೆಸಿಕೊಂಡು, ಮೇ ತಿಂಗಳ ಒಂದು ಬೆಳಿಗ್ಗೆ ಒಂಬತ್ತಕ್ಕೆ ಬಂದರು. ಕೆನ್ನೆ ಸ್ವಲ್ಪ ಒಳಗೆ ಹೋಗಿತ್ತು. ಹೆಂಗಸರು ಎದ್ದು ಸಲಾಂ ಮಾಡಿದರು. ಹೆಗಡೆಯವರ ಚಾಲಿ ಅಂಗಳದಲ್ಲಿ ಒಣಗಿ ಮತ್ತೆ ಬಂದಿತ್ತು.

ಚಾಚಾ ತಮ್ಮ ಜಾಗದಲ್ಲಿ ಕೂತು ಒಂದು ಅಡಿಕೆ ಆರಿಸಿ ಕತ್ತರಿಸಿದರು. "ಬಲಗಡಿ ಹಲ್ಲು ಹೋದ್ವು. ಎಡಗಡಿ ನಂಬಿಕಿ ಇಲ್ಲ" ಎಂದರು. "ನಾ ಎಷ್ಟು ದಿನ? ಇನ್ನ ನೀನ ಕಲೀಬೇಕು. ಬಾ, ಕೂಡು. ಕಚ್ಚಿ ಏನನಸ್ತೈತಿ ಹೇಳು."

ಎದುರಿಗೆ ಕೂತೆ. ಅವರು ಹೋಳನ್ನು ಬೆರಳ ತುದಿಯಲ್ಲಿ ಹಿಡಿದು ನನ್ನ ಅಂಗೈಗೆ ಇಟ್ಟರು. ನನಗೆ ಎಲ್ಲ ಗೊತ್ತಿತ್ತು. ಗೋಡೆಯ ಮೇಲಿನದನ್ನು ನಾನೇ ಓದಿ ಹೇಳಿದ್ದೆ, ಆಮೇಲೆ ಪುಸ್ತಕ ತರಿಸಿ ಓದಿದ್ದೆ, ಡಾಕ್ಟರನ್ನೂ ಕೇಳಿದ್ದೆ. ಆದರೂ ಬಾಯಿಗೆ ಹಾಕಿಕೊಳ್ಳುವ ಮುಂಚೆ ನನ್ನ ಕಣ್ಣು ಒಮ್ಮೆ ಆ ಹೋಳಿನ ಮೇಲೆ ನಿಂತಿತು. ಅರೆಗಳಿಗೆ, ಹೆಚ್ಚಿಲ್ಲ. ಚಾಚಾ ಅದನ್ನು ನೋಡಿದರು.

"ನಾ ಕೈ ತೊಳಕೊಂಡೀನಿ ಬೇಟಾ" ಎಂದರು, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ.

ನಾನು ಹೋಳನ್ನು ಬಾಯಿಗೆ ಹಾಕಿಕೊಂಡು ಜೋರಾಗಿ ಕಚ್ಚಿದೆ. ಅದು ಒಣಗಿತ್ತೋ ಹಸಿಯಿತ್ತೋ ನನಗೆ ತಿಳಿಯಲಿಲ್ಲ.